ಅವ್ವನ ಮಣ್ಣಿಗೆ ಕೊಟ್ಟದ್ದು

ಮೈಸೂರು
22 ಜನವರಿ 2024

ಅಕ್ಕ,

ಡಬ್ಬಿ ಇನ್ನೂ ಬಂದಿಲ್ಲ.

ಮೊದಲು ನಿನ್ನ ಗಾಯ ಹೇಗಿದೆ, ಹೊಲಿಗೆ ಬಿಚ್ಚಿದರಾ ಎಂದು ಕೇಳಬೇಕಿತ್ತು. ಕೇಳಿದೆ ಎಂದುಕೋ. ಜನವರಿ ಎಂಟಕ್ಕೆ ಕೊಳ್ಳೇಗಾಲದ ನರ್ಸಿಂಗ್ ಹೋಮಿನಲ್ಲಿ ನಿನ್ನ ಎಡಗಡೆಯ ಮೊಲೆ ಕುಯ್ದು, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಔಷಧಿ ನೀರು ತುಂಬಿ ಭಾವನ ಕೈಗೆ ಕೊಟ್ಟರು. 'ಮೈಸೂರಿನ ಲ್ಯಾಬಿಗೆ ಕೊಟ್ಟುಬಿಡಿ' ಅಂದರು. ಯಾಕೆ, ಏನು ಎಂದು ಒಂದು ಮಾತು ಹೇಳಿರಲಿಕ್ಕಿಲ್ಲ. ನಮ್ಮ ಜನಕ್ಕೆ ಕೈಗೆ ಕೊಡುತ್ತಾರೆ, ಬಾಯಿ ಬಿಡುವುದಿಲ್ಲ. ಆ ಲ್ಯಾಬು ನಾನು ಕೆಲಸ ಮಾಡುವ ಲ್ಯಾಬೇ. ಹದಿನಾಲ್ಕು ದಿನದಿಂದ ದಿನವೂ ರಿಜಿಸ್ಟರ್ ನೋಡುತ್ತಿದ್ದೇನೆ. ನಿನ್ನ ಹೆಸರಿಲ್ಲ.

ಕುಯ್ದು ಎಸೆದರೆ ಕಾಯಿಲೆ ಹೋಯಿತು ಎಂದುಕೊಳ್ಳಬೇಡ. ಆ ಗಡ್ಡೆಯನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕುವುದು ನನ್ನ ಕೆಲಸ. ಗಡ್ಡೆಯಲ್ಲಿ ಕೆಲವು ಪ್ರೋಟೀನು ಇರುತ್ತವೆ, ಇಲ್ಲವೇ ಇರುವುದಿಲ್ಲ. ಇದ್ದರೆ ಕಂದು ಬಣ್ಣ, ಇಲ್ಲದಿದ್ದರೆ ನೀಲಿ. ಒಂದು ಜಾತಿಯ ಪ್ರೋಟೀನು ಇದ್ದರೆ ದಿನಕ್ಕೊಂದು ಮಾತ್ರೆ ಐದು ವರ್ಷ ನುಂಗಬೇಕು, ಅದು ಕಾಯಿಲೆಯನ್ನು ತಡೆಯುತ್ತದೆ. ಇಲ್ಲದಿದ್ದರೆ ಆ ಮಾತ್ರೆ ಸುಣ್ಣದ ಉಂಡೆಗೆ ಸಮ. ಆಗ ನರಕ್ಕೆ ಹಾಕುವ ಔಷಧಿಯೇ ಬೇಕು, ಅದೂ ಮೂರು ತಿಂಗಳೊಳಗೆ. ಅಂದರೆ ಏಪ್ರಿಲ್ ಏಳರೊಳಗೆ. ಯಾವುದು ಎಂದು ಹೇಳುವುದು ಆ ಡಬ್ಬಿ ಮಾತ್ರ. ಮೊದಲು ಸೂಜಿ ಹಾಕಿ ತೆಗೆದ ನೀರಿನಲ್ಲಿ ಇದಕ್ಕೆ ಸಾಲುವಷ್ಟು ಏನೂ ಉಳಿದಿಲ್ಲ, ವಿಚಾರಿಸಿದೆ.

ಫೋನಿನಲ್ಲಿ ಕೇಳಬಹುದಿತ್ತು. ನಿಮ್ಮ ಮನೆಯಲ್ಲಿ ಫೋನು ಸದಾ ಸ್ಪೀಕರಿನಲ್ಲಿ, ನಿಮ್ಮತ್ತೆಯ ಮಡಿಲಿನಲ್ಲಿ. ಹಾಸ್ಟೆಲಿನ ಕಾಲದ ಹಾಗೆ ಬರೆಯುತ್ತಿದ್ದೇನೆ. ಅಂಗನವಾಡಿ ವಿಳಾಸಕ್ಕೆ ಹಾಕಿದ್ದೇನೆ. ನೀನೂ ಬರೆ.

ಪದ್ಮಿನಿ


ಶಾಗ್ಯ
30 ಜನವರಿ 2024

ಪದ್ಮಿ,

ಹೊಲಿಗೆ ಬಿಚ್ಚಿದರು. ತೋಳು ಮೇಲೆತ್ತಲು ಆಗುವುದಿಲ್ಲ, ತಲೆ ಬಾಚುವುದು ನಿನ್ನ ಭಾವನ ಕೆಲಸ. ಗಂಡಸು ಹೆಂಡತಿಯ ತಲೆ ಬಾಚುವುದನ್ನು ನೋಡಲು ಬೀದಿಯವರೆಲ್ಲ ಒಂದಲ್ಲ ಒಂದು ನೆಪ ಮಾಡಿಕೊಂಡು ಬಂದು ಹೋದರು. 'ಏನ್ಲಾ ಮಾದಸ್ವಾಮಿ, ಜಡೆಗೆ ಹೂವ ಮುಡಿಸಕಿಲ್ವಾ' ಎಂದು ಕೇಳಿದವರೂ ಉಂಟು. ಅವನು ಬಾಚುತ್ತಲೇ ಇದ್ದ.

ಡಬ್ಬಿಯನ್ನು ಅವನೇ ತಂದು ಕೌಂಟರಿನಲ್ಲಿ ಕೊಟ್ಟನಂತೆ. ನಿಮ್ಮ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲಿಟ್ಟಿದ್ದಾರೋ ನೋಡು. ಅವಸರ ಮಾಡಬೇಡ, ಸಿಗುತ್ತದೆ.

ನಾನು ಆಶಾ ಕಾರ್ಯಕರ್ತೆ, ಮನೆಮನೆಗೆ ಹೋಗಿ 'ಎದೆಯಲ್ಲಿ ಗಂಟಿದ್ದರೆ ಮುಚ್ಚಿಡಬೇಡಿ' ಎಂದು ಹೇಳಿದವಳು. ನನ್ನದನ್ನು ಐದು ತಿಂಗಳು ಮುಚ್ಚಿಟ್ಟೆ. ಇದನ್ನು ಬರೆಯಲೂ ನಾಚಿಕೆ.

ಇನ್ನೊಂದು ಹೇಳುತ್ತೇನೆ, ನಗಬೇಡ. ಗಂಟು ಕೈಗೆ ಸಿಕ್ಕಿದ ದಿನದಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಬರುತ್ತಿದ್ದಳು. ಒರಳಿನ ಪಕ್ಕ ಕೂರುತ್ತಿದ್ದಳು. ಮಾತಿಲ್ಲ. ರವಿಕೆಯೊಳಕ್ಕೆ ಕೈ ಹಾಕಿ ಏನನ್ನೋ ತಡಕಾಡುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ನಿಮ್ಮ ಆಸ್ಪತ್ರೆಯಲ್ಲಿ ಅವಳ ಎದೆ ಕುಯ್ದರಲ್ಲ, ಆ ಮಾಂಸ ಎಲ್ಲಿ ಎಂದು ನಾವ್ಯಾರೂ ಕೇಳಲಿಲ್ಲ. ಮರುವರ್ಷ ಸತ್ತಾಗ ಅರೆ ಮೈಯನ್ನೇ ನಮ್ಮ ತವರು ಹೊನ್ನೂರಿನ ಮಸಣದಲ್ಲಿ ಮಣ್ಣು ಮಾಡಿದೆವು. ಕಡಿದುಹೋದ ಬೆರಳನ್ನೂ ತಂದು ಹೂಳುವ ಜನ ನಾವು.

ಈಗ ಬರುವುದಿಲ್ಲ. ನಿಂತಿದೆ.

ನಿನ್ನ ಅಕ್ಕ
ಚೆಲುವಮ್ಮ


ಮೈಸೂರು
12 ಫೆಬ್ರವರಿ 2024

ಅಕ್ಕ,

ಲ್ಯಾಬಿನಲ್ಲಿ ಯುದ್ಧ ಮಾಡಿದ್ದೇನೆ. ಹತ್ತು ದಿನ ಶೆಲ್ಫು ಶೆಲ್ಫು ಇಳಿಸಿ ಹುಡುಕಿದೆ. ಕೌಂಟರಿನವಳಿಗೆ, 'ಸಿಟಿ ಹೆಂಗಸರದ್ದಾಗಿದ್ದರೆ ಹೀಗೆ ಕಳೆಯುತ್ತಿದ್ದಿರಾ? ಹನೂರು ತಾಲ್ಲೂಕಿನ ಡಬ್ಬಿ ಅಂದರೆ ಕಸವಾ?' ಎಂದು ಎಲ್ಲರೆದುರು ಕೇಳಿದೆ. ಅವಳು ಅತ್ತಳು. ನಾನು ಮೇಲಿನವರಿಗೆ ಲಿಖಿತ ದೂರು ಕೊಟ್ಟೆ. ಅವರು ಕ್ಯಾಮೆರಾ ತೆಗೆಸಿ ಜನವರಿ ಎಂಟರಿಂದ ಹದಿನೈದರ ತನಕದ್ದನ್ನು ನನ್ನನ್ನು ಕೂರಿಸಿ ತೋರಿಸಿದರು. ಭಾವ ಬಂದೇ ಇಲ್ಲ.

ಅವತ್ತು ಸಂಜೆ ಭಾವನಿಗೆ ಫೋನು ಮಾಡಿದೆ. ಸ್ಪೀಕರಿನಲ್ಲೇ ಇತ್ತೋ ಏನೋ, ಇರಲಿ. 'ಯಾವ ಬಸ್ ಸ್ಟ್ಯಾಂಡಿನಲ್ಲಿ ಕುಡಿದು ಬಿದ್ದಿದ್ದೆ? ನಮ್ಮಕ್ಕನ ಜೀವ ಎಲ್ಲಿ ಮರೆತು ಬಂದೆ?' ಅಂದೆ. ಅವನು 'ಊ ಕಣವ್ವ' ಅಂದ. ಎಲ್ಲಕ್ಕೂ ಅದೇ. 'ನೀನು ಗಂಡಸಾ?' ಅಂದೆ. 'ಊ ಕಣವ್ವ' ಅಂದು ಇಟ್ಟುಬಿಟ್ಟ.

ನಾಳೆ ಕೌಂಟರಿನವಳ ಕಾಲು ಹಿಡಿಯಬೇಕು. ಭಾವನನ್ನು ನಾನು ಕ್ಷಮಿಸುವುದಿಲ್ಲ. ಅವನಿಗೆ ಹೇಳು.

ಪದ್ಮಿನಿ


ಶಾಗ್ಯ
19 ಫೆಬ್ರವರಿ 2024

ಪದ್ಮಿ,

ಅವನಿಗೆ ಹೇಳಲಿಲ್ಲ. ನೀನು ಬೈದ ದಿನ ಅವನು ಊಟ ಬಿಟ್ಟು ಎದ್ದ. 'ನಿಜ ಏಳ್ಬುಡು ಅವ್ಳ್ಗೆ' ಅಂದೆ. 'ನಿನ್ ತಂಗಿ, ನೀನೇ ಏಳು. ನಾನ್ ಬೈಸ್ಕಂಡ್ರೆ ಸವೆಯಕಿಲ್ಲ' ಅಂದ. ಕುಡಿಯುವುದನ್ನು ಬಿಟ್ಟು ಒಂಬತ್ತು ವರ್ಷವಾದವನು.

ಡಬ್ಬಿ ತೆಗೆದುಕೊಂಡವಳು ನಾನು.

ಕೊಳ್ಳೇಗಾಲದಲ್ಲಿ ಮೂರನೆಯ ದಿನ ಮನೆಗೆ ಕಳಿಸಿದರು. ಅಲ್ಲಿಯತನಕ ಡಬ್ಬಿ ಮಂಚದ ಕೆಳಗೇ ಇತ್ತು. ನನ್ನನ್ನು ಬಿಟ್ಟು ಮೈಸೂರಿಗೆ ಹೋಗಲು ಅವನಿಗೆ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವನು ಮೈಸೂರು ಬಸ್ಸು ಹುಡುಕುತ್ತಿದ್ದಾಗ ನಾನು, 'ಹೊನ್ನೂರಿಗೆ ಆಟೋ ಮಾಡು' ಅಂದೆ. 'ಇದನ್ನ ಕೊಡಬೇಕಲ್ಲ' ಅಂದ. 'ಕೊಡೋಕೇ ಹೋಗ್ತಿರೋದು' ಅಂದೆ. ನನ್ನ ಮುಖ ನೋಡಿ ಆಟೋ ಕರೆದ.

ಪುಟ್ಟಸಿದ್ದಯ್ಯ ಮಾವ ಮನೆ ಮುಂದೆ ಬೀಡಿ ಸೇದುತ್ತಾ ಕೂತಿದ್ದ. ಕೇರಿಯಲ್ಲಿ ಯಾರು ಸತ್ತರೂ ಗುಂಡಿ ತೋಡುವವನು ಅವನೇ, ಅವ್ವನಿಗೂ ತೋಡಿದವನು. ಸ್ವಂತ ಅಕ್ಕನಿಗೆ. ಡಬ್ಬಿ ತೋರಿಸಿದೆ. ಬೀಡಿ ನೆಲಕ್ಕೆ ಉಜ್ಜಿ ಬಗ್ಗಿ ನೋಡಿದ.

'ಇದ್ಯಾರ್ದವ್ವ?'

'ನಂದೇ ಮಾವ. ಅವ್ವಂಗೆ ಕೊಡ್ಬೇಕು. ಅವ್ಳು ತನ್ನದ ಉಡೀಕ ದಿನಾ ಬತ್ತಾವ್ಳೆ.'

ಅವನು ನಗಲಿಲ್ಲ, ಹೆದರಲಿಲ್ಲ. 'ನಿನ್ ಮನೇಗೂ ಬಂದ್ಲಾ' ಅಂದ. ಎದ್ದು ಹಾರೆ ತೆಗೆದುಕೊಂಡ.

ಅವ್ವನ ಎದೆಯ ನೇರಕ್ಕೆ ಒಂದು ಮೊಳ ತೋಡಿದ. ನನ್ನ ಹಳೆ ಸೀರೆಯಲ್ಲಿ ಸುತ್ತಿ ಇಟ್ಟೆವು. ಮೂರು ಹಿಡಿ ಮಣ್ಣು ಬಲಗೈಯಲ್ಲಿ ಹಾಕಿದೆ. ಎಡಗೈ ಏಳಲಿಲ್ಲ. ಅವತ್ತಿನಿಂದ ಅವ್ವ ಬಂದಿಲ್ಲ.

ನೀನು ಓದಿದವಳು, ನಾನೂ ಹತ್ತನೆ ಕ್ಲಾಸು. ನೀನು ಹೇಳಿದ ಕಂದು, ನೀಲಿ ಎಲ್ಲ ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು. ಕುಯ್ದದ್ದನ್ನು ಪರೀಕ್ಷೆ ಮಾಡುತ್ತಾರೆ, ಕ್ಯಾನ್ಸರೋ ಅಲ್ಲವೋ ನೋಡುತ್ತಾರೆ ಎಂದುಕೊಂಡಿದ್ದೆ. ಕ್ಯಾನ್ಸರು ಎಂದು ಹೇಳಿಯೇ ಕುಯ್ದರಲ್ಲ, ಇನ್ನೇನು ನೋಡುವುದು? ನನಗೆ ಯಾರೂ ಹೇಳಲಿಲ್ಲ, ಪದ್ಮಿ. ನಾನು ಕೇಳಲೂ ಇಲ್ಲ.

ಕೌಂಟರಿನ ಹೆಣ್ಣುಮಗಳಿಗೆ ನನ್ನ ಹೆಸರಿನಲ್ಲಿ ತಪ್ಪಾಯಿತು ಅನ್ನು.

ಚೆಲುವಮ್ಮ


ಮೈಸೂರು
22 ಫೆಬ್ರವರಿ 2024

ಅಕ್ಕ,

ಮುಚ್ಚಳ ತೆಗೆದೆಯಾ?

ಒಂದೇ ಪ್ರಶ್ನೆ. ನೀನು ಮಣ್ಣಿಗೆ ಡಬ್ಬಿ ಇಟ್ಟೆಯೋ, ಡಬ್ಬಿಯಿಂದ ಸುರಿದೆಯೋ? ಸುರಿದಿದ್ದರೆ ಎಲ್ಲ ಮುಗಿಯಿತು, ಕೊಳೆತಿರುತ್ತದೆ. ಮುಚ್ಚಳ ಹಾಕಿಯೇ ಇದ್ದರೆ ಆ ಔಷಧಿ ನೀರಿನಲ್ಲಿ ಇನ್ನೂ ಕೆಡದೆ ಕೂತಿರಬಹುದು. ಅತಿಯಾಗಿ ನೆಂದಿರುತ್ತದೆ, ಬಣ್ಣ ಹಿಡಿಯುವುದು ಕಷ್ಟ, ಆದರೂ ನಾನು ಹಿಡಿಸುತ್ತೇನೆ. ನನ್ನ ಕೈ ಚೆನ್ನಾಗಿದೆ.

ತೆಗೆದಿಲ್ಲ ಎಂದರೆ ನಾಳೆಯೇ ಅಗೆಸು. ಬೈಯಲು ನನ್ನ ಹತ್ತಿರ ಈಗ ಸಮಯವಿಲ್ಲ.

ಪದ್ಮಿನಿ


ಶಾಗ್ಯ
6 ಮಾರ್ಚ್ 2024

ಪದ್ಮಿ,

ತೆಗೆಯಲಿಲ್ಲ. ತೆಗೆಯಬೇಕೆಂದೇ ಇದ್ದೆ. ಮುಚ್ಚಳ ಒಂದು ಸುತ್ತು ತಿರುಗಿಸುವಷ್ಟರಲ್ಲಿ ಕಣ್ಣು ಉರಿಯಿತು. ಮಾವ ಬೇಡ ಎಂದು ಮತ್ತೆ ಬಿಗಿ ಮಾಡಿದ.

ಆದರೆ ಅಗೆಸುವುದಿಲ್ಲ. ಹತ್ತು ದಿನ ಯೋಚಿಸಿಯೇ ಬರೆಯುತ್ತಿದ್ದೇನೆ. 'ಮಣ್ಗೆ ಕೊಟ್ಟದ್ದ ಬರಿಗೈಲಿ ಇಸ್ಕೊಳ್ಳಕಾಯ್ತದಾ? ಬದ್ಲಿಗೆ ಏನ್ ಕೊಡ್ತೀಯೆ?' ಎಂದು ಮಾವ ಕೇಳಿದ. ಕೊಡಲು ನನ್ನಲ್ಲಿ ಏನಿದೆ? ಇನ್ನೊಂದು ಮೊಲೆಯೇ? ಕೊಟ್ಟು ಕಿತ್ತುಕೊಂಡರೆ ಅವಳು ಒರಳಿನ ಪಕ್ಕ ಕೂರುವುದಿಲ್ಲ, ನನ್ನ ಚಾಪೆಗೇ ಬರುತ್ತಾಳೆ.

ಅವ್ವನಿಗೆ ಬಂದದ್ದೇ ನನಗೂ ಬಂದಿದೆ. ಅವಳಿಗಾದದ್ದು ನನಗೂ ಆಗುತ್ತದೆ. ನಿನ್ನ ಬಣ್ಣ ಅದನ್ನು ತಪ್ಪಿಸುವುದಿಲ್ಲ.

ಚೆಲುವಮ್ಮ


ಮೈಸೂರು
12 ಮಾರ್ಚ್ 2024

ಅಕ್ಕ,

ಈ ಕಾಗದವನ್ನು ಐದು ವರ್ಷದ ಹಿಂದೆ ಬರೆಯಬೇಕಿತ್ತು.

ನಮ್ಮ ಲ್ಯಾಬಿನ ನೆಲಮಾಳಿಗೆಯಲ್ಲಿ ಕಬ್ಬಿಣದ ಡ್ರಾಯರುಗಳಿವೆ. ಕುಯ್ದ ಪ್ರತಿ ಗಡ್ಡೆಯ ಒಂದು ಚೂರು ಮೇಣದೊಳಗೆ ಕೂತು ಅಲ್ಲಿರುತ್ತದೆ. 2019ರಲ್ಲಿ ದೊಡ್ಡ ಡಾಕ್ಟರುಗಳು ಒಂದು ಅಧ್ಯಯನ ಮಾಡಿದರು. ಸ್ತನದ ಗಡ್ಡೆಯ ಪ್ರೋಟೀನು ನೋಡಿ ಯಾವ ಹೆಂಗಸು ಎಷ್ಟು ದಿನ ಬದುಕುತ್ತಾಳೆ ಎಂದು ಮೊದಲೇ ಹೇಳಬಹುದೇ ಎಂಬ ಅಧ್ಯಯನ. ಅದಕ್ಕೆ ಹಳೆಯ ಇನ್ನೂರು ಮೇಣದ ಬಿಲ್ಲೆ ತೆಗೆದು ಸೀಳಲು ನನಗೆ ಕೊಟ್ಟರು. ನಂಬರು ಹೊಂದಿಸಲು ರಿಜಿಸ್ಟರ್ ತೆರೆದೆ. ಒಂದು ಸಾಲು: ರಾಮಮ್ಮ, ಗಂಡ ಚಿಕ್ಕಮಾದಯ್ಯ, ಹೊನ್ನೂರು, ಯಳಂದೂರು ತಾಲ್ಲೂಕು.

ಅವ್ವನನ್ನು ನಾನೇ ಸೀಳಿದೆ, ಅಕ್ಕ. ಬೇರೆಯವರ ಕೈಗೆ ಕೊಡಲಿಲ್ಲ. ನಾನೇ ಬಣ್ಣ ಹಾಕಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲ ಕಂದು, ರಾಗಿ ಹೊಲದ ಹಾಗೆ, ಒಂದು ಕೋಶ ಬಿಡದೆ. ಆ ಮಾತ್ರೆ ಅವಳಿಗೆ ನಾಟುತ್ತಿತ್ತು. ದಿನಕ್ಕೊಂದು ಮಾತ್ರೆ. ಇವತ್ತಿಗೂ ಬದುಕಿ ನಿನ್ನ ತಲೆ ಅವಳೇ ಬಾಚುತ್ತಿದ್ದಳೇನೋ.

2012ರಲ್ಲಿ ಯಾಕೆ ಆ ಪರೀಕ್ಷೆ ಮಾಡಲಿಲ್ಲ ಎಂದು ಅವಳ ಫೈಲು ತೆಗೆಸಿದೆ. ಒಂದು ಸಾಲಿತ್ತು: 'ಹಳ್ಳಿಯವರು, ಮತ್ತೆ ಬರುವುದು ಅನುಮಾನ.' ಅಷ್ಟೇ. ಬದುಕಿದ್ದವಳ ಪ್ರೋಟೀನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಸತ್ತ ಮೇಲೆ ನೋಡಿದರು, ಕೋಷ್ಟಕಕ್ಕೆ ಸೇರಿಸಿದರು, ಪೇಪರು ಬರೆದರು, ದೆಹಲಿಗೆ ಹೋಗಿ ಓದಿ ಬಂದರು. ಅವ್ವ ಅದರಲ್ಲಿ ಒಂದು ಚುಕ್ಕೆ. ಆ ಕೆಲಸ ಸುಳ್ಳಲ್ಲ, ಅದರಿಂದ ನಾಳೆ ಯಾರೋ ಬದುಕುತ್ತಾರೆ. ಆ ಯಾರೋ ನಮ್ಮ ಕೇರಿಯಲ್ಲಿ ಯಾವತ್ತು ಹುಟ್ಟುತ್ತಾರೆ ಎಂದು ಮಾತ್ರ ಪೇಪರಿನಲ್ಲಿ ಇರಲಿಲ್ಲ.

ನಿನಗೆ ಹೇಳಲಿಲ್ಲ. ಸತ್ತವಳ ಸಾವನ್ನು ಇನ್ನೊಂದು ಸಲ ನಿನ್ನ ಮನೆಗೆ ಹೊರಿಸುವುದು ಬೇಡ ಅಂದುಕೊಂಡೆ. ಅದು ಸುಳ್ಳು. ಈ ಲ್ಯಾಬಿನ ಸಂಬಳ ತಿನ್ನುತ್ತಾ ಹೇಗೆ ಹೇಳುವುದು ಎಂಬ ನಾಚಿಕೆ, ಅದೇ ನಿಜ. ನಾನು ಹೇಳಿದ್ದರೆ ನಿನಗೆ ಡಬ್ಬಿಯ ಬೆಲೆ ಗೊತ್ತಿರುತ್ತಿತ್ತು. ನಿನ್ನನ್ನು ಹೊನ್ನೂರಿಗೆ ಕಳಿಸಿದವರಲ್ಲಿ ನಾನೂ ಒಬ್ಬಳು.

ಈ ತಿಂಗಳು ಹಳೆಯ ಬಿಲ್ಲೆಗಳನ್ನು ಸುಡಲು ಕಳಿಸುತ್ತಾರೆ. ಮಗಳು ಎಂದು ಅರ್ಜಿ ಬರೆದು ಅವ್ವನದನ್ನು ಕೇಳಿದೆ. 'ಇದನ್ನಿಟ್ಕೊಂಡು ಏನ್ಮಾಡ್ತೀಯಮ್ಮ?' ಅಂದರು. 'ಅವಳ ಮೈ ಸಾರ್, ಅವಳಿಗೆ ಕೊಡ್ತೀನಿ' ಅಂದೆ. ಸಹಿ ಹಾಕಿದರು.

ಇದರ ಜೊತೆ ಪುಟ್ಟ ಪೊಟ್ಟಣವಿದೆ. ಅದು ಅವ್ವ. ಮಾವ ಕೇಳಿದ ಬದಲಿ ಅದು. ಅವಳದನ್ನು ಅವಳಿಗೆ ಕೊಡು, ನಿನ್ನದನ್ನು ನನಗೆ ಕೊಡು.

ಇಪ್ಪತ್ತಾರು ದಿನ ಉಳಿದಿದೆ.

ಪದ್ಮಿನಿ


ಶಾಗ್ಯ
20 ಮಾರ್ಚ್ 2024

ಪದ್ಮಿ,

ಐದು ವರ್ಷ. ಗೌರಿ ಹಬ್ಬಕ್ಕೆ ನೀನು ಬಂದೆ, ನನ್ನ ಮಗಳು ನೆರೆದಾಗ ಬಂದೆ, ನನ್ನ ಕೈಯಡುಗೆ ಉಂಡೆ. ಅವ್ವನ ಮಾತು ಬಂದಾಗಲೆಲ್ಲ ನೀನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ತಂಗಿಗೆ ಎಷ್ಟು ದುಃಖ ಎಂದು ನಾನು ಅಂದುಕೊಳ್ಳುತ್ತಿದ್ದೆ. ನಾನು ಎಂಥ ದಡ್ಡಿ.

ಪೊಟ್ಟಣವನ್ನು ಎರಡು ದಿನ ದೇವರ ಗೂಡಿನಲ್ಲಿ ಇಟ್ಟೆ. ಬಿಚ್ಚಲು ಧೈರ್ಯ ಬರಲಿಲ್ಲ. ನಿನ್ನ ಭಾವ ಬಿಚ್ಚಿದ. ನೆನ್ನೆ ಬೆಳಿಗ್ಗೆ ಹೊನ್ನೂರಿಗೆ ಹೋದೆವು.

ಮಾವ ಅಂಗೈ ಮೇಲೆ ಇಟ್ಟುಕೊಂಡ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬಿಳಿ ಮೇಣ, ಒಳಗೆ ಕಾಯಿಚೂರಿನಷ್ಟು ಬೂದು ಬಣ್ಣ. ತಿರುಗಿಸಿ ತಿರುಗಿಸಿ ನೋಡಿದ.

'ಇಷ್ಟೇನಾ ನಮ್ಮಕ್ಕ?'

'ಇಷ್ಟು ಉಳ್ಸವ್ರೆ ಮಾವ.'

'ಎಲ್ಲಿದ್ಲು ಇಷ್ಟ್ ವರ್ಸ?'

'ಡ್ರಾಯರಲ್ಲಿ. ನಂಬರ್ ಹಾಕಿ ಮಡಗಿದ್ರಂತೆ.'

'ಒಂದ್ ಕಾಗ್ದ ಆಕಿದ್ರೆ ನಾನೇ ಓಗಿ ತಕಬತ್ತಿದ್ನಲ್ಲ' ಅಂದ. ಹಾರೆಯನ್ನು ಎರಡು ಸಲ ಎತ್ತಿ ಹಾಗೇ ಇಳಿಸಿದ. ನಿನ್ನ ಭಾವ ಇಸಿದುಕೊಂಡು ತಾನೇ ತೋಡಿದ.

ಸೀರೆ ಗೆದ್ದಲು ಹಿಡಿದು ಜಾಲರಿಯಾಗಿತ್ತು. ಡಬ್ಬಿ ಹಾಗೇ ಇತ್ತು. ಮಾವ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, 'ನೀರು ಅದೆ' ಅಂದ. ಅವ್ವನದನ್ನು ಇಟ್ಟು ಮಣ್ಣು ಎಳೆದೆವು. ನಾನು ಅಳಲಿಲ್ಲ. ಹನ್ನೆರಡು ವರ್ಷದ ಹಿಂದಿನ ಆ ಒಂದು ಸಾಲು ಬರೆದವನ ಕೈ ಹೇಗಿತ್ತು, ಅವನು ಆಮೇಲೆ ಕಾಫಿ ಕುಡಿಯಲು ಹೋದನೇ ಎಂದು ಯೋಚಿಸುತ್ತಿದ್ದೆ.

ನಿನ್ನ ಭಾವ ಈ ಕಾಗದ, ಡಬ್ಬಿ ಎರಡನ್ನೂ ನಿನ್ನ ಕೈಗೇ ಕೊಡುತ್ತಾನೆ. ಅವನಿಗೆ ಊಟ ಹಾಕು. ಏನಾದರೂ ಅನ್ನಬೇಕು ಅನಿಸಿದರೆ ಅನ್ನು, ಅವನು 'ಊ ಕಣವ್ವ' ಎನ್ನುವುದಿಲ್ಲ ಈ ಸಲ.

ಚೆಲುವಮ್ಮ


ಮೈಸೂರು
2 ಏಪ್ರಿಲ್ 2024

ಅಕ್ಕ,

ಭಾವನನ್ನು ಇವತ್ತೇ ಮತ್ತೆ ಕರೆಸಿ ಇದನ್ನು ಅವನ ಕೈಲಿ ಕಳಿಸುತ್ತಿದ್ದೇನೆ. ಅವನು ಮೊದಲ ಸಲ ಬಂದಾಗ ಕೌಂಟರಿನ ಮುಂದೆಯೇ ಕಾಲು ಮುಟ್ಟಿದೆ. 'ಎದ್ದೇಳವ್ವ, ಜನ ನೋಡ್ತಾವ್ರೆ' ಅಂದ.

ಡಬ್ಬಿಯೊಳಗೆ ಹೊರಗಿನ ಅಂಚು ಚರ್ಮದ ಹಾಗೆ ಗಟ್ಟಿಯಾಗಿತ್ತು. ಕೊಳ್ಳೇಗಾಲದ ಸರ್ಜನ್ ಗಡ್ಡೆಯ ನಡುವೆ ಒಂದು ಸೀಳು ಹಾಕಿದ್ದರು, ಅದರಿಂದ ಔಷಧಿ ಒಳಗೆ ಇಳಿದಿದೆ. ಮೊದಲ ಸಲ ಬಣ್ಣ ಹಿಡಿಯಲೇ ಇಲ್ಲ. ಎರಡನೆಯ ಸಲವೂ ಇಲ್ಲ. ಬಣ್ಣಕ್ಕೆ ಮೊದಲು ಚೂರನ್ನು ಕುದಿಸುವ ಹೊತ್ತು ಹೆಚ್ಚಿಸಿ ಮೂರನೆಯ ಸಲ ಹಾಕಿದೆ. ಗಡ್ಡೆಯ ಪಕ್ಕದ, ಕಾಯಿಲೆ ತಾಗದ ಹಾಲುನಾಳ ಕಂದು ಬಂತು. ಅದು ಬಂದರೆ ಪರೀಕ್ಷೆ ಸರಿಯಾಗಿದೆ ಎಂದು ಅರ್ಥ. ಡಾಕ್ಟರನ್ನು ಕರೆದೆ. ಇಬ್ಬರೂ ನೋಡಿದೆವು.

ನಾಳ ಕಂದು. ಗಡ್ಡೆ ನೀಲಿ. ಪೂರ್ತಿ ನೀಲಿ.

ನಿನ್ನ ಗಡ್ಡೆ ಅವ್ವನದಲ್ಲ, ಅಕ್ಕ. ಅವಳಿಗೆ ನಾಟುತ್ತಿದ್ದ ಮಾತ್ರೆ ನಿನಗೆ ನಾಟುವುದಿಲ್ಲ. ಮೂರು ಪ್ರೋಟೀನು ನೋಡಿದೆವು, ಮೂರೂ ಇಲ್ಲ. ಬೆಳೆಯುವ ವೇಗ ಹೇಳುವ ನಾಲ್ಕನೆಯದು ನೂರಕ್ಕೆ ಅರವತ್ತು. ಓಡುವ ಗಡ್ಡೆ ಇದು, ಮತ್ತೆ ಬರುವ ಗಡ್ಡೆ. ಸಿಹಿ ಸುದ್ದಿ ಎಂದು ನಿನಗೆ ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳಿ ಸಾಕಾಗಿದೆ. ಆದರೆ ಓಡುವ ಕೋಶವನ್ನೇ ಹುಡುಕಿ ಹೊಡೆಯುವ ಔಷಧಿ ಇದೆ. ನರಕ್ಕೆ ಹಾಕುತ್ತಾರೆ. ಕೂದಲು ಹೋಗುತ್ತದೆ, ಭಾವನಿಗೆ ಒಂದು ಕೆಲಸ ತಪ್ಪುತ್ತದೆ. ಇದೂ ಅವ್ವನ ಗಡ್ಡೆಯ ಹಾಗೇ ಎಂದು ಸುಮ್ಮನೆ ಮಾತ್ರೆ ನುಂಗಿಕೊಂಡು ಕೂತಿದ್ದರೆ ಎರಡು ವರ್ಷದಲ್ಲಿ ಮಾವ ಮತ್ತೆ ಹಾರೆ ತೆಗೆಯುತ್ತಿದ್ದ.

ಐದನೇ ತಾರೀಖು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಎಂಬತ್ತೆಂಟನೆಯ ದಿನ.

ಪದ್ಮಿನಿ


ಮೈಸೂರು, ಆಸ್ಪತ್ರೆಯ ಮೂರನೆ ಮಹಡಿ
26 ಏಪ್ರಿಲ್ 2024

ಪದ್ಮಿ,

ನೀನು ಕೆಳಗಿದ್ದೀಯ, ನಾನು ಮೇಲೆ. ಆದರೂ ಬರೆಯುತ್ತಿದ್ದೇನೆ, ಎರಡನೆಯ ಬಾಟಲಿ ಇಳಿಯುತ್ತಿದೆ. ಬಲಗೈಗೆ ಸೂಜಿ ಹಾಕಿದ್ದಾರೆ, ಅಕ್ಷರ ಸೊಟ್ಟ. ಓದಿಕೋ.

ಅವ್ವ ಮತ್ತೆ ಬರುತ್ತಿದ್ದಾಳೆ. ಎದೆ ತಡಕಾಡುವುದಿಲ್ಲ. ನನ್ನನ್ನೇ ನೋಡುತ್ತಾ ಕೂರುತ್ತಾಳೆ. ಯಾಕೆ ಎಂದು ಗೊತ್ತಿಲ್ಲ, ಕೇಳುವುದೂ ಇಲ್ಲ. ಮೊದಲಿನಷ್ಟು ಹೆದರಿಕೆ ಇಲ್ಲ, ಇಲ್ಲವೇ ಇಲ್ಲ ಎಂದೂ ಅಲ್ಲ.

ಬರೆಯುತ್ತಿರುವುದು ಅದಕ್ಕಲ್ಲ. ಹೊರಗಿನ ಬೆಂಚಿನಲ್ಲಿ ಮುಳ್ಳೂರಿನ ಹೆಂಗಸೊಬ್ಬಳು ಕೂತಿದ್ದಳು. ಶಂಕರಮ್ಮ. ಕೊರಳಲ್ಲಿ ಲಿಂಗ. ನನ್ನ ಬೋಳು ತಲೆ ನೋಡಿ ಮಾತಾಡಿಸಿದಳು. 'ಯಾವ್ ಬೀದಿಯೋರವ್ವ ನೀವು?' ಎಂದು ಕೇಳಿದಳು. ಹೇಳಿದೆ. ನಾನು ಕೊಟ್ಟ ಕಿತ್ತಳೆ ಹಣ್ಣನ್ನು ಮಡಿಲಲ್ಲಿ ಇಟ್ಟುಕೊಂಡಳು, ತಿನ್ನಲಿಲ್ಲ. ಇರಲಿ. ಯುಗಾದಿ ಕಳೆದು ಮೂರನೆಯ ದಿನ ಅವಳಿಗೂ ಕೊಳ್ಳೇಗಾಲದಲ್ಲೇ ಆಪರೇಷನ್ ಆಗಿದೆ. 'ರಿಪೋರ್ಟ್ ತತ್ತಾ ಅಂತರೆ ಇವ್ರು. ಯಾವ್ ರಿಪೋರ್ಟೋ ಕಾಣೆ' ಅಂದಳು.

'ಡಬ್ಬಿ ಕೊಟ್ಟಿದ್ರಲ್ಲ, ಅದೆಲ್ಲಿ?' ಅಂದೆ.

ಸುತ್ತ ನೋಡಿ ದನಿ ತಗ್ಗಿಸಿದಳು. 'ಮೈ ಅಲ್ವೇನವ್ವ ಅದು. ನಮ್ ಅಟ್ಟಿಯೋರ್ನೆಲ್ಲ ಊತಿರೋ ಜಮೀನಲ್ಲೇ ಊತ್ಬುಟ್ಟೊ. ಅಯ್ನೋರ ಕರ್ಸಿ ಇಬೂತಿ ಆಕ್ಸಿ.'

ನಮ್ಮ ಬೀದಿಯ ನೀರು ಮುಟ್ಟದವಳು. ನಮ್ಮಂತೆಯೇ ಹೂತಿದ್ದಾಳೆ, ಅವಳಿಗೂ ಯಾರೂ ಹೇಳಿಲ್ಲ. ನನ್ನ ತಾಲ್ಲೂಕಿನಲ್ಲಿ, ನಿನ್ನ ತಾಲ್ಲೂಕಿನಲ್ಲಿ ಇನ್ನೆಷ್ಟು ಡಬ್ಬಿ ಮಣ್ಣಿನೊಳಗೆ ಇವೆಯೋ, ಇನ್ನೆಷ್ಟು ಜನ ನಾಟುತ್ತದೋ ಇಲ್ಲವೋ ಗೊತ್ತಿಲ್ಲದ ಮಾತ್ರೆ ನುಂಗಿ ಮಲಗಿದ್ದಾರೋ.

'ಮುಚ್ಚಳ ತೆಗೆದ್ರಾ?' ಅಂದೆ.

ಅವಳಿಗೆ ನೆನಪಿಲ್ಲ. ಅವಳ ಮಗ ಶಾಂತಮೂರ್ತಿ ಅಲ್ಲೇ ನಿಂತಿದ್ದ, 'ತೆಗಿಲಿಲ್ಲ ಕಣಕ್ಕ' ಅಂದ. ಅಕ್ಕ ಅಂದ. ನಾನು ಎಲ್ಲ ಹೇಳಿದೆ, ನಿನ್ನ ಕಂದು, ನೀಲಿ, ಎಲ್ಲ. ಅವನು ತನ್ನ ತಾಯಿಯ ಕಡೆ ನೋಡಿ, ಕೊಳ್ಳೇಗಾಲದ ಬಸ್ಸಿಗೆ ಓಡಿದ್ದಾನೆ.

ನಾಳೆ ನಿನ್ನ ಕೌಂಟರಿಗೆ ಬರುತ್ತಾನೆ. ಡಬ್ಬಿಯ ಮೇಲೆ ಮಣ್ಣು ಮೆತ್ತಿರುತ್ತದೆ, ವಾಸನೆ ಬರುತ್ತದೆ, ಮೂಗು ಮುಚ್ಚಬೇಡಿ ಎಂದು ಅಲ್ಲಿಯವರಿಗೆ ಹೇಳು. ಎಲ್ಲಿತ್ತು, ಯಾಕೆ ತಡ ಎಂದು ಕೇಳಬೇಡಿ. ಬೈಯಬೇಡಿ. ಕೈ ಚಾಚಿ ಮೊದಲು ಇಸಿದುಕೊಳ್ಳಿ, ಹೆಸರು ಬರೆದುಕೊಳ್ಳಿ.

ಚೆಲುವಮ್ಮ